ಕೊಪ್ಪರಿಗೆಯೂ ಖಡ್ಗವೂ

ಶಿವಾಲಿಕ ಗಿರಿಶ್ರೇಣಿಯು ಬಯಲಿಗೆ ಇಳಿದುಬರುವ ಎಡೆಯಲ್ಲಿ, ಸಟ್ಲೆಜ್ ನದಿಗೆ ಅನತಿದೂರದಲ್ಲಿ, ಪಂಜಾಬಿನ ಆನಂದಪುರ ಸಾಹಿಬ್ ಎಂಬ ಪಟ್ಟಣವಿದೆ. ಹೋಳಿಯ ಮಾರನೆಯ ದಿನ, ಉತ್ತರದೇಶದ ಉಳಿದ ಊರುಗಳ ಜನರು ಮೈಗೆ ಮೆತ್ತಿದ ಬಣ್ಣವನ್ನು ಉಜ್ಜಿ ತೊಳೆದುಕೊಳ್ಳುತ್ತಿರುವ ಹೊತ್ತಿನಲ್ಲಿ, ಇಲ್ಲಿ ನಗಾರಿಗಳು ಮೊಳಗತೊಡಗುತ್ತವೆ. ಕಡುನೀಲಿಯ ನಿಲುವಂಗಿಯನ್ನು ತೊಟ್ಟು, ಉಕ್ಕಿನ ಚಕ್ರಗಳನ್ನು ಬಳಸಿ ಕಟ್ಟಿದ ಗೋಪುರಾಕಾರದ ರುಮಾಲುಗಳನ್ನು ಧರಿಸಿದ, ನಿಹಂಗರೆಂಬ ಸಿಖ್ ಯೋಧರು ಆನೆ ಕುದುರೆಗಳೊಡನೆ ಮೆರವಣಿಗೆ ಹೊರಟು, ಚರಣಗಂಗೆಯ ಬಯಲನ್ನು ಸೇರಿ, ಜೊತೆಯಾಗಿ ಓಡುವ ಎರಡು ಕುದುರೆಗಳ ಬೆನ್ನಿನ ಮೇಲೆ ಒಂದೊಂದು ಪಾದವನ್ನೂರಿ ನಿಂತು ಸವಾರಿಮಾಡುವುದು, ಧಾವಿಸುವ ಕುದುರೆಯ ಮೇಲಿನಿಂದ ಬಾಗಿ ನೆಲದಲ್ಲಿ ನೆಟ್ಟ ಗೂಟವನ್ನು ಈಟಿಯ ಮೊನೆಯಿಂದ ಕಿತ್ತೊಯ್ಯುವುದು, ಇವೇ ಮೊದಲಾದ ಸಾಹಸಗಳನ್ನು ಪ್ರದರ್ಶಿಸುತ್ತಾರೆ. ಇದಕ್ಕೆ ಹೋಲಾ ಮೊಹಲ್ಲಾ ಎಂದು ಹೆಸರು. 1701ರಲ್ಲಿ ಸಿಖ್ಖರ ಹತ್ತನೆಯ ಗುರುಗಳಾದ ಗೋವಿಂದಸಿಂಹರು ತಮ್ಮ ಅನುಯಾಯಿಗಳನ್ನು ಎರಡು ಪಕ್ಷಗಳಾಗಿ ವಿಭಾಗಿಸಿ, ಅಣಕು ಯುದ್ಧವನ್ನು ಹೂಡಿಸಿ, ಬಣ್ಣದ ಹಬ್ಬವನ್ನು ಶಸ್ತ್ರಾಭ್ಯಾಸದ ಹಬ್ಬವನ್ನಾಗಿ ಮಾರ್ಪಡಿಸಿದರೆಂದು ಸಂಪ್ರದಾಯವು ಹೇಳುತ್ತದೆ.

ಪತ್ರಿಕೆಗಳ ಛಾಯಾಗ್ರಾಹಕರು ವರ್ಷವರ್ಷವೂ ಅಲ್ಲಿಂದ ಹೊತ್ತು ತರುವುದು ಈ ಕುದುರೆಗಳ ಮತ್ತು ಕತ್ತಿಗಳ ಚಿತ್ರಗಳನ್ನೇ. ಅವರನ್ನು ದೂರಿ ಫಲವಿಲ್ಲ. ಖಡ್ಗದ ಮಿಂಚು ಕಣ್ಣನ್ನು ಸೆಳೆಯುವಂತೆ ಬೇಳೆ ಬೇಯುವ ಹಂಡೆ ಸೆಳೆಯಲಾರದು. ಆದರೆ ಆ ಊರಿಗೆ ಹೋಗುವ ಹಾದಿಯುದ್ದಕ್ಕೂ, ಸುತ್ತಣ ಹಳ್ಳಿಗಳ ರೈತರು ಟ್ರಾಕ್ಟರಿನ ಟ್ರಾಲಿಗಳಲ್ಲಿ ಹಿಟ್ಟು, ಬೇಳೆ, ಹಾಲು, ಸೌದೆಗಳನ್ನು ಹೇರಿಕೊಂಡು ಬಂದು, ರಸ್ತೆಯ ಮಗ್ಗುಲಲ್ಲಿ ಒಲೆಗಳನ್ನು ಹೂಡಿ, ಹೋಗುವವರನ್ನೂ ಬರುವವರನ್ನೂ ಅಡ್ಡಗಟ್ಟಿ ನಿಲ್ಲಿಸಿ, ಅವರು ಯಾರು, ಯಾವ ಮತದವರು ಎಂಬುದನ್ನು ವಿಚಾರಿಸದೆ ನೆಲದ ಮೇಲೆ ಸಾಲಾಗಿ ಕೂರಿಸಿ ಉಣಬಡಿಸುತ್ತಿರುತ್ತಾರೆ. ಅನ್ನ ಬೇಯುವ ಕೊಪ್ಪರಿಗೆಯನ್ನು ಸಿಖ್ಖರು ದೇಗ್ ಎಂದೂ, ಖಡ್ಗವನ್ನು ತೇಗ್ ಎಂದೂ ಕರೆಯುತ್ತಾರೆ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬಂದಾ ಬಹಾದ್ದೂರನು ಪಂಜಾಬಿನಲ್ಲಿ ಮೊದಲ ಸಿಖ್ ಪ್ರಭುತ್ವವನ್ನು ಸ್ಥಾಪಿಸಿದಾಗ ತನ್ನ ರಾಜಮುದ್ರೆಯಲ್ಲಿ ಇವೆರಡನ್ನೂ ಜೊತೆಜೊತೆಯಾಗಿ ಕೆತ್ತಿಸಿದನು. ಸಿಖ್ಖರ ಶಸ್ತ್ರಪರಂಪರೆಯನ್ನು ಅರಿಯಬಯಸುವವನು ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹಿಡಿದರೆ ಆ ಪರಂಪರೆ ಅವನ ಕೈಗೆ ದಕ್ಕುವುದಿಲ್ಲವೆಂದು ನಾನು ನಂಬುತ್ತೇನೆ. ಗತ್ಕಾ ಎಂಬ ಅವರ ವರಸೆವಿದ್ಯೆಯು ಪದಕಗಳ ಕ್ರೀಡೆಯಾಗಿರುವ, ಅವರು ಧರಿಸುವ ಕಿರುಗತ್ತಿಯಾದ ಕೃಪಾಣವು ದೇಶದೇಶಗಳ ನ್ಯಾಯಾಲಯಗಳ ಮೆಟ್ಟಿಲೇರಿರುವ ಈ ಕಾಲದಲ್ಲಂತೂ ಈ ಮಾತನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ.

ನಮ್ಮ ಗರಡಿಮನೆಗಳಲ್ಲಿ ದೊಣ್ಣೆವರಸೆ ಕತ್ತಿವರಸೆಗಳನ್ನು ಕಂಡವರಿಗೆ ಗತ್ಕಾದ ಸ್ವರೂಪವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಹಿಡಿಯ ಬಳಿ ಕೈಗಾಪನ್ನು ಅಳವಡಿಸಿದ, ಸುಮಾರು ಮೂರಡಿ ಉದ್ದದ ಬೆತ್ತದ ಕೋಲು ಒಂದು ಕೈಯಲ್ಲಿ, ಇದು ಸೋಟಿ. ಫರ್ರಿ ಎಂಬ ತೊಗಲಿನ ಪುಟ್ಟ ಗುರಾಣಿ ಇನ್ನೊಂದು ಕೈಯಲ್ಲಿ. ಸಾಮಗ್ರಿಯೆಂದರೆ ಇಷ್ಟೇ. ಆದರೆ ಹೊಸದಾಗಿ ಆಖಾಡಕ್ಕೆ ಬಂದ ಹುಡುಗನಿಗೆ ಇವೆರಡೂ ಒಡನೆ ದೊರೆಯುವುದಿಲ್ಲ. ಮೊದಲು ಅವನು ಬರಿಗೈಯಲ್ಲಿ ಪೈಂತರಾ ಎಂಬ ಪಾದನ್ಯಾಸವನ್ನು ಸಾಧಿಸಬೇಕು. ನಾಲ್ಕು ಹೆಜ್ಜೆಗಳ ಒಂದು ಆವರ್ತ. ಮುಂದೆ ಇಟ್ಟ ಕಾಲು ಅಲ್ಲಿಯೇ ಬೇರುಬಿಡದೆ ಪಕ್ಕಕ್ಕೆ ಸರಿದು, ಹಿಂದಕ್ಕೆ ಹೊರಳಿ, ಹೊರಟ ಸ್ಥಾನಕ್ಕೆ ಮರಳಬೇಕು. ದೇಹದ ಭಾರವು ಒಂದು ಪಾದದ ಮೇಲೆ ನಿಂತಿತೆನ್ನುವಷ್ಟರಲ್ಲಿ ಇನ್ನೊಂದಕ್ಕೆ ಸಂದಿರಬೇಕು. ಕೈಗಳು ಎದೆಯ ಮುಂದೆ ಒಂದನ್ನೊಂದು ದಾಟುತ್ತ ಬೀಸುತ್ತಿರಬೇಕು. ಇಷ್ಟೂ ಧೋಲಿನ ಲಯಕ್ಕೆ ತಪ್ಪದೆ ನಡೆಯಬೇಕು. ಧೋಲು ಬಾರಿಸುವವನು ಕಾಲವನ್ನು ಏರಿಸುತ್ತ ಹೋದಂತೆ ಎಳೆಯ ಕಲಿಗನ ಹೆಜ್ಜೆ ಒಂದೆಡೆ ತೊಡರುತ್ತದೆ, ಭುಜಗಳು ಬಿಗಿಯುತ್ತವೆ, ಉಸಿರು ಮೇಲಕ್ಕೆ ಬರುತ್ತದೆ. ಕೈ ಎಷ್ಟು ಚುರುಕಾಗಿದ್ದರೂ ಕಾಲು ತಪ್ಪಿದ ಮೇಲೆ ವರಸೆಯೆಂಬುದು ಇಲ್ಲವಾದ್ದರಿಂದ ಬಲ್ಲ ಉಸ್ತಾದರು ಕಲಿಗನ ಪಾದಗಳ ಮೇಲೇ ಕಣ್ಣಿಟ್ಟಿರುತ್ತಾರೆ.

ಪಾದ ಪಳಗಿದ ತರುವಾಯ ಸೋಟಿ. ಅದರ ತರುವಾಯ ಎರಡು ಕೈಗಳಲ್ಲಿಯೂ ಸೋಟಿ. ಆಮೇಲೆ ಕತ್ತಿ, ಇಬ್ಬಾಯಿಯ ಖಂಡಾ, ಭರ್ಜಿ, ಕಠಾರಿ. ಬಂಡಿಯ ಗಾಲಿಯಂತೆ ಅರಗಳುಳ್ಳ, ಅರಗಳ ತುದಿಯಲ್ಲಿ ಗುಂಡುಗಳು ತೂಗುವ ಚಕ್ರವೊಂದನ್ನು ನಡುವಿನಲ್ಲಿ ಹಿಡಿದು ಮೈಯ ಸುತ್ತಲೂ ಗಿರ್ರನೆ ತಿರುಗಿಸುವ ಆಟವೂ ಉಂಟು. ನೋಡುವವರಿಗೆ ಇದು ರಂಜನೆಯಾಗಿ ತೋರಿದರೂ, ಹಲವರು ಮುತ್ತಿದಾಗ ಯಾರನ್ನೂ ಹತ್ತಿರ ಬರಗೊಡದೆ ನಿಲ್ಲುವ ಉಪಾಯ ಅದರಲ್ಲಿ ಅಡಗಿದೆ. ಅಭ್ಯಾಸಕ್ಕೆ ಮೊದಲು ಆಯುಧಗಳನ್ನೆಲ್ಲ ಒಂದು ವಸ್ತ್ರದ ಮೇಲೆ ಓರಣವಾಗಿ ಜೋಡಿಸಿ, ಅವುಗಳ ಮುಂದೆ ತಲೆಬಾಗಿ, ಆರಿಸಿದ ಆಯುಧವನ್ನು ಹಣೆಗೊತ್ತಿಕೊಂಡೇ ಕೈಗೆ ತೆಗೆದುಕೊಳ್ಳುವುದು ನಿಯಮ. ಹೀಗೆ ವಿಧಿಪೂರ್ವಕವಾಗಿ ನಡೆಯುವ ಗತ್ಕಾವನ್ನು ರಸ್ಮಿ ಎಂದೂ, ಇಬ್ಬರು ಸೋಟಿ ಹಿಡಿದು ಗೆಲುವಿಗಾಗಿ ಸೆಣಸುವುದನ್ನು ಖೇಲ್ ಎಂದೂ ವಿಂಗಡಿಸುತ್ತಾರೆ. ಗತ್ಕಾವೆಂಬುದು ಪೂರ್ವದ ಯುದ್ಧವಿದ್ಯೆಯ ನೆರಳು ಮಾತ್ರ, ಮೂಲದ ಶಸ್ತ್ರವಿದ್ಯೆಯೇ ಬೇರೆ, ಅದು ಬೆರಳೆಣಿಕೆಯ ಗುರುಗಳ ಬಳಿ ಗುಪ್ತವಾಗಿ ಉಳಿದಿದೆ ಎಂದು ವಾದಿಸುವ ಪಂಡಿತರೂ ಇದ್ದಾರೆ. ವಾದಕ್ಕೆ ಇಲ್ಲಿ ಎಡೆಯಿಲ್ಲ. ಸೋಟಿಯು ಖಡ್ಗಕ್ಕೆ ಪೂರ್ವಭಾವಿಯಾದ ಸಾಧನವಾಗಿತ್ತೆಂಬುದರಲ್ಲಿ ಮಾತ್ರ ಉಭಯ ಪಕ್ಷದವರಿಗೂ ಸಂದೇಹವಿಲ್ಲ.

ನಾಮಸ್ಮರಣೆಯನ್ನೂ, ದುಡಿದು ಉಣ್ಣುವುದನ್ನೂ, ದುಡಿದುದನ್ನು ಹಂಚಿಕೊಳ್ಳುವುದನ್ನೂ ಬೋಧಿಸಿದ ಗುರು ನಾನಕರ ಶಾಂತಮಾರ್ಗಕ್ಕೆ ಈ ಆಯುಧಗಳು ಹೇಗೆ ಬಂದವು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಐದನೆಯ ಗುರು ಅರ್ಜುನದೇವರು 1606ರಲ್ಲಿ ಲಾಹೋರಿನಲ್ಲಿ ಜಹಾಂಗೀರನ ಆಜ್ಞೆಯ ಮೇರೆಗೆ ಚಿತ್ರಹಿಂಸೆಗೊಳಗಾಗಿ ಪ್ರಾಣತ್ಯಾಗ ಮಾಡಿದರು. ಅವರ ಪುತ್ರರಾದ ಹರಗೋವಿಂದರು, ಇನ್ನೂ ಬಾಲ್ಯವು ಕಳೆಯದ ವಯಸ್ಸಿನಲ್ಲಿ ಗುರುಪೀಠವನ್ನೇರಿದಾಗ, ಸಾಂಪ್ರದಾಯಿಕವಾದ ಸೇಲಿಯೆಂಬ ಉಣ್ಣೆಯ ದಾರದ ಬದಲು ಸೊಂಟದಲ್ಲಿ ಎರಡು ಖಡ್ಗಗಳನ್ನು ಧರಿಸಿದರು: ಲೌಕಿಕಾಧಿಕಾರದ ಸಂಕೇತವಾಗಿ ಒಂದು, ಅದು ಮೀರಿ, ಪಾರಮಾರ್ಥಿಕದ ಸಂಕೇತವಾಗಿ ಇನ್ನೊಂದು, ಅದು ಪೀರಿ. ಅಮೃತಸರದ ಹರಮಂದಿರಕ್ಕೆ ಎದುರಾಗಿ ಅವರು ಅಕಾಲ್ ತಖ್ತ್ ಎಂಬ ಪೀಠವನ್ನು ಸ್ಥಾಪಿಸಿದರು. ಒಂದೇ ಆವರಣದಲ್ಲಿ ಪ್ರಾರ್ಥನೆಗೊಂದು ಮನೆ, ನ್ಯಾಯನಿರ್ಣಯಕ್ಕೊಂದು ಮನೆ. ಒಂದರಿಂದ ಹೊರಬಂದವನ ಕಣ್ಣಿಗೆ ಇನ್ನೊಂದು ಬೀಳದೆ ಇರದು. 1675ರಲ್ಲಿ ಒಂಬತ್ತನೆಯ ಗುರು ತೇಗ ಬಹಾದ್ದೂರರು ದೆಹಲಿಯ ಚಾಂದನಿ ಚೌಕದಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಅವರ ಪುತ್ರರೇ ಗೋವಿಂದಸಿಂಹರು. ಶಸ್ತ್ರವು ಈ ಪಂಥಕ್ಕೆ ರಾಜ್ಯಲೋಭದ ಬಾಗಿಲಿನಿಂದ ಬರಲಿಲ್ಲ, ಇಬ್ಬರು ಗುರುಗಳ ರಕ್ತದ ಹಾದಿಯಿಂದ ಬಂದಿತು. ಉಳಿದೆಲ್ಲ ಉಪಾಯಗಳೂ ವಿಫಲವಾದ ಮೇಲೆ ಮಾತ್ರವೇ ಅದು ನ್ಯಾಯವೆಂಬ ಅಭಿಪ್ರಾಯವನ್ನು ಹತ್ತನೆಯ ಗುರುಗಳು ಔರಂಗಜೇಬನಿಗೆ ಪಾರಸಿಯಲ್ಲಿ ಬರೆದ ಜಫರ್‌ನಾಮಾ ಎಂಬ ಪತ್ರಕಾವ್ಯದಲ್ಲಿ ಪ್ರತಿಪಾದಿಸಿದ್ದಾರೆ.

1699ರ ಬೈಶಾಖಿಯಂದು ಆನಂದಪುರದ ಮಹಾಸಭೆಯಲ್ಲಿ ಗುರುಗಳು ಬಿಚ್ಚುಗತ್ತಿ ಹಿಡಿದು ನಿಂತು, ತಲೆಯನ್ನು ಕೊಡುವವರು ಯಾರು ಎಂದು ಕೇಳಿದ ಪ್ರಸಂಗ ಸುಪ್ರಸಿದ್ಧವಾದುದು. ಒಬ್ಬೊಬ್ಬರಾಗಿ ಎದ್ದುಬಂದು ಪಂಚಪ್ಯಾರೆಗಳೆನಿಸಿದ ಐವರು ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿ ಜಗನ್ನಾಥದ ನೀರು ಹೊರುವವನು, ದ್ವಾರಕೆಯ ಬಟ್ಟೆಗೆ ಅಚ್ಚುಹಾಕುವವನು ಮತ್ತು ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಕಬ್ಬಿಣದ ಬೋಗುಣಿಯಲ್ಲಿ ನೀರು ತುಂಬಿ, ಅದರಲ್ಲಿ ಸಕ್ಕರೆಯ ಬತಾಸುಗಳನ್ನು ಕರಗಿಸಿ, ಇಬ್ಬಾಯಿಯ ಖಂಡಾದಿಂದ ಕಲಕಿ, ಅದೇ ಅಮೃತವನ್ನು ಐವರಿಗೂ ಒಂದೇ ಪಾತ್ರೆಯಿಂದ ಕುಡಿಸಿ, ಬಳಿಕ ಗುರುಗಳು ತಾವೂ ಶಿಷ್ಯರ ಮುಂದೆ ಮಂಡಿಯೂರಿ ಅವರ ಕೈಯಿಂದಲೇ ಅದನ್ನು ಸ್ವೀಕರಿಸಿದರು. ಖತ್ರಿಯೂ ಕ್ಷೌರಿಕನೂ ಒಂದು ಬೋಗುಣಿಗೆ ಬಾಯಿಟ್ಟದ್ದು ಆ ಶತಮಾನದ ಹಿಂದೂಸ್ಥಾನದಲ್ಲಿ ಖಡ್ಗ ಹಿರಿದುದಕ್ಕಿಂತ ಕಡಿಮೆ ಸಾಹಸವೇನಲ್ಲ. ಕೇಶ, ಕಂಘಾ (ಬಾಚಣಿಗೆ), ಕಡಾ (ಕೈಬಳೆ), ಕಛೇರಾ (ಒಳಚಡ್ಡಿ), ಕೃಪಾಣ ಎಂಬ ಐದು ಲಾಂಛನಗಳು, ಹೀಗೆ ಅಮೃತವನ್ನು ಸ್ವೀಕರಿಸಿದವರ ಖಾಲ್ಸಾ ಸಮುದಾಯದ ಗುರುತಾದುವು. ಸಾಹಿಬ್ ಚಂದನು ಸಾಹಿಬ್ ಸಿಂಹನಾಗಿ, ಚಮಕೌರಿನ ಕಾಳಗದಲ್ಲಿ ಗುರುಗಳ ಪಕ್ಕದಲ್ಲಿ ಹೋರಾಡಿ ಮಡಿದನು.

ಬೀದರಿಗೆ ಇನ್ನೊಂದು ನಂಟೂ ಇದೆ. ಆನಂದಪುರದ ಮುತ್ತಿಗೆಯ ಕಾಲದಲ್ಲಿ ಎದೆಗುಂದಿ ಗುರುಗಳನ್ನು ತೊರೆದು ಮನೆಗೆ ಮರಳಿದ್ದ ನಲವತ್ತು ಮಂದಿಯನ್ನು ಹೀಯಾಳಿಸಿ, ಮತ್ತೆ ಶಸ್ತ್ರ ಹಿಡಿಸಿ, ತಾನೇ ಮುಂದಾಳಾಗಿ ಖಿದರಾಣೆಯ ಕೆರೆಯ ಬಳಿ ಮೊಗಲರ ಸೇನೆಯನ್ನು ತಡೆದ ಮಾಯಿ ಭಾಗೋ ಎಂಬ ವೀರಮಹಿಳೆಯು, ಗುರುಗಳೊಡನೆ ದಕ್ಷಿಣಕ್ಕೆ ಬಂದು, 1708ರಲ್ಲಿ ಅವರು ನಾಂದೇಡದಲ್ಲಿ ದೇಹಬಿಟ್ಟ ಮೇಲೆ, ಬೀದರಿಗೆ ಸಮೀಪದ ಜನವಾಡ ಎಂಬ ಹಳ್ಳಿಯಲ್ಲಿ ತಪೋನಿರತಳಾಗಿ ಬಾಳಿನ ಸಂಜೆಯನ್ನು ಕಳೆದಳು. ಅಲ್ಲಿ ಆಕೆಯ ಹೆಸರಿನ ಗುರುದ್ವಾರವಿದೆ. ಬೀದರಿನ ನಾನಕ ಝರಾದ ಬುಗ್ಗೆಯನ್ನು ನೋಡಲು ಹೋಗುವ ನಮ್ಮವರಲ್ಲಿ ಜನವಾಡದ ಕಡೆಗೆ ಹೊರಳುವವರು ಕಡಿಮೆ, ಹೊರಳಬೇಕು. ಇಂದು ಪಂಜಾಬಿನ ಆಖಾಡಗಳಲ್ಲಿ ಹುಡುಗಿಯರು ಸೋಟಿ ಹಿಡಿದಾಗ ಹಿರಿಯರು ಹುಬ್ಬು ಗಂಟಿಕ್ಕದೆ ಇರುವುದಕ್ಕೆ ಈ ತಾಯಿಯ ಕಥೆಯೂ ಒಂದು ಕಾರಣ.

ಆನಂದಪುರದ ಕಾಳಗಗಳ ನಡುವೆ ನಡೆದುದೆಂದು ಹೇಳಲಾಗುವ ಇನ್ನೊಂದು ಸಂಗತಿ, ನನ್ನ ದೃಷ್ಟಿಯಲ್ಲಿ, ಎಲ್ಲ ಕದನಗಳಿಗಿಂತಲೂ ದೊಡ್ಡದು. ಭಾಯಿ ಕನ್ಹಯ್ಯಾ ಎಂಬ ಶಿಷ್ಯನು ನೀರಿನ ತಿತ್ತಿಯನ್ನು ಹೊತ್ತು ರಣರಂಗದಲ್ಲಿ ತಿರುಗುತ್ತ, ಗಾಯಗೊಂಡು ಬಿದ್ದವರಲ್ಲಿ ತನ್ನವರು ಶತ್ರುಗಳೆಂಬ ಭೇದವೆಣಿಸದೆ ಎಲ್ಲರ ಬಾಯಿಗೂ ನೀರು ಬಿಡುತ್ತಿದ್ದನಂತೆ. ಆಗತಾನೆ ಪ್ರಾಣವನ್ನು ಪಣಕ್ಕಿಟ್ಟು ಕೆಡವಿದ ವೈರಿಗೆ ಇವನು ಚೇತರಿಕೆ ಕೊಡುತ್ತಿದ್ದಾನೆಂದು ಸಿಟ್ಟುಗೊಂಡ ಯೋಧರು ಗುರುಗಳಲ್ಲಿಗೆ ದೂರು ಒಯ್ದರು. ಆ ಸಿಟ್ಟು ಅಸಹಜವೇನೂ ಅಲ್ಲ. ಗುರುಗಳು ಕನ್ಹಯ್ಯನನ್ನು ಕರೆಸಿ, ಅವನ ಮಾತನ್ನು ಕೇಳಿ, ದಂಡಿಸುವುದಕ್ಕೆ ಬದಲಾಗಿ ಮುಲಾಮಿನ ಡಬ್ಬಿಯನ್ನು ಕೊಟ್ಟು, ಇನ್ನು ಮುಂದೆ ಇದನ್ನೂ ಹಚ್ಚು ಎಂದರು.

ಹದಿನೆಂಟನೆಯ ಶತಮಾನದಲ್ಲಿ, ಸಿಖ್ಖರು ತಲೆಗೆ ಬೆಲೆ ಕಟ್ಟಲ್ಪಟ್ಟು ಕಾಡುಪಾಲಾಗಿ ತಿರುಗಿದ ದಿನಗಳಲ್ಲಿ, ಈ ಪರಂಪರೆಯನ್ನು ಕಾಪಾಡಿದವರು ನಿಹಂಗರು. ಹಸಿವನ್ನೂ ಕೊರತೆಯನ್ನೂ ನಗೆಯಿಂದ ಜಯಿಸುವ ಒಂದು ವಿಚಿತ್ರವಾದ ಮಾತಿನ ವರಸೆಯನ್ನು ಅವರು ರೂಢಿಸಿಕೊಂಡರು: ಹುರಿದ ಕಡಲೆ ಅವರಿಗೆ ಬಾದಾಮಿ, ಈರುಳ್ಳಿ ಬೆಳ್ಳಿ, ಕುರುಡನು ಶೂರ, ಕಿವುಡನು ಮಾಳಿಗೆಯ ಮೇಲಿರುವಾತ, ಒಬ್ಬನೇ ಸಿಖ್ಖನು ಬಂದರೆ ಒಂದೂಕಾಲು ಲಕ್ಷದ ಸೈನ್ಯ ಬಂದಿತೆಂಬ ಸಾರೋಣ. ರಣಜಿತಸಿಂಹನು ಚಕ್ರವರ್ತಿಯಾದ ಮೇಲೂ ಈ ಜನ ಅವನಿಗೆ ಸುಲಭವಾಗಿ ಬಗ್ಗಲಿಲ್ಲ. ಅವರ ನಾಯಕ ಅಕಾಲಿ ಫೂಲಾಸಿಂಹನು ಮಹಾರಾಜನನ್ನು ಮುಖದ ಮೇಲೆಯೇ ಖಂಡಿಸಬಲ್ಲವನಾಗಿದ್ದನು, ಮಹಾರಾಜನಿಗಾಗಿ 1823ರಲ್ಲಿ ನೌಶೇರಾದ ಯುದ್ಧದಲ್ಲಿ ಪ್ರಾಣವನ್ನೂ ಕೊಟ್ಟನು.

1849ರ ಮಾರ್ಚಿಯಲ್ಲಿ ಪಂಜಾಬು ಕಂಪೆನಿ ಸರಕಾರದ ವಶವಾಯಿತು. ಖಾಲ್ಸಾ ಸೇನೆ ವಿಸರ್ಜಿತವಾಯಿತು, ಊರೂರುಗಳಲ್ಲಿ ಆಯುಧಗಳನ್ನು ಒಪ್ಪಿಸಿಕೊಳ್ಳಲಾಯಿತು. ಲಾಹೋರಿನ ಭಂಡಾರದಲ್ಲಿದ್ದ, ಹತ್ತನೆಯ ಗುರುಗಳವೆಂದು ಪೂಜ್ಯವಾಗಿದ್ದ ಕೆಲವು ಶಸ್ತ್ರಗಳು ಗವರ್ನರ್ ಜನರಲ್ ಡಾಲ್‌ಹೌಸಿಯ ಪಾಲಾಗಿ ಸಮುದ್ರವನ್ನು ದಾಟಿ, ಶತಮಾನಕ್ಕೂ ಮಿಕ್ಕ ಕಾಲ ಅವನ ವಂಶಜರ ಬಳಿ ಇದ್ದು, 1966ರಲ್ಲಿ ಭಾರತಕ್ಕೆ ಮರಳಿ ಆನಂದಪುರದ ಕೇಶಗಢವನ್ನು ಸೇರಿದುವು. ಖಡ್ಗ ಹೋದ ಮೇಲೆ ಉಳಿದದ್ದು ಕೋಲು. ಬೆತ್ತವನ್ನು ಕಾನೂನು ತಡೆಯಲಾರದು. ಪೂರ್ವಾಭ್ಯಾಸಕ್ಕೆಂದು ಇದ್ದ ಸೋಟಿಯಲ್ಲಿಯೇ ಇಡೀ ವಿದ್ಯೆಯ ನೆನಪು ಬಂದು ನೆಲಸಿತು. ವಿನೋದವೆಂದರೆ, ರೈತನ ಕೈಯಿಂದ ಕತ್ತಿಯನ್ನು ಕಿತ್ತುಕೊಂಡ ಅದೇ ಸರಕಾರವು, ಆ ರೈತನ ಮಗನು ಪಲ್ಟಣಿಗೆ ಸೇರಿದೊಡನೆ ಅವನ ಕೈಗೆ ಬಂದೂಕು ಕೊಟ್ಟು, ಅವನು ಅಮೃತದೀಕ್ಷೆಯನ್ನು ಪಡೆದು ಕೇಶಧಾರಿಯಾಗಿಯೇ ಇರಬೇಕೆಂದು ಹಟಹಿಡಿಯಿತು. ಸಿಖ್ಖರು ಹುಟ್ಟು ಯೋಧರೆಂಬ, ಈಗಲೂ ಚಲನಚಿತ್ರಗಳಲ್ಲಿ ಚಲಾವಣೆಯಲ್ಲಿರುವ ಮಾತಿನಲ್ಲಿ ಗುರುಗಳ ಉಪದೇಶ ಎಷ್ಟು, ಆಂಗ್ಲ ಸೇನಾಧಿಕಾರಿಗಳ ಲೆಕ್ಕಾಚಾರ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ಹುಟ್ಟಿನಿಂದ ಬರುವುದಾಗಿದ್ದರೆ ಪೈಂತರಾವನ್ನು ಯಾರೂ ವರ್ಷಗಟ್ಟಲೆ ಕಲಿಯಬೇಕಾಗಿರಲಿಲ್ಲ.

ಈ ಯೋಧಪಂಥದ ಅತ್ಯಂತ ದೊಡ್ಡ ಗೆಲುವು ಆಯುಧವನ್ನೆತ್ತದೆ ದೊರೆತದ್ದು. ಗುರುದ್ವಾರಗಳು ಆನುವಂಶಿಕ ಮಹಂತರ ಸ್ವತ್ತಾಗಿಹೋಗಿದ್ದ ಕಾಲದಲ್ಲಿ ಅವನ್ನು ಬಿಡಿಸಿಕೊಳ್ಳಲು ಅಕಾಲಿಗಳೆಂಬ ಸುಧಾರಕ ಸಿಖ್ಖರು ಚಳವಳಿ ಹೂಡಿದರು. ಅಮೃತಸರದಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಗುರು ಕಾ ಬಾಗ್ ಎಂಬಲ್ಲಿ, ಗುರುದ್ವಾರಕ್ಕೆ ಸೇರಿದ ತೋಪಿನಲ್ಲಿ ಲಂಗರಿನ, ಎಂದರೆ ಸಾಮೂಹಿಕ ಅಡುಗೆಮನೆಯ, ಒಲೆಗಾಗಿ ಜಾಲಿಯ ಸೌದೆ ಕಡಿದವರನ್ನು 1922ರ ಆಗಸ್ಟಿನಲ್ಲಿ ಕಳ್ಳತನದ ಆರೋಪದ ಮೇಲೆ ಬಂಧಿಸಲಾಯಿತು. ತರುವಾಯ ದಿನದಿನವೂ ಜತ್ಥಾ ಎಂಬ ಒಂದೊಂದು ತಂಡ ಅಕಾಲ್ ತಖ್ತಿನ ಮುಂದೆ, ಏನೇ ಆದರೂ ಕೈಯೆತ್ತುವುದಿಲ್ಲವೆಂದು ಪ್ರತಿಜ್ಞೆಗೈದು, ನಡೆದು ಹೋಗಿ, ಪೊಲೀಸರ ಲೋಹ ಕಟ್ಟಿದ ಲಾಠಿಗಳ ಮುಂದೆ ನಿಲ್ಲುತ್ತಿತ್ತು. ಏಟು ತಿಂದು ಬಿದ್ದವನು ಪ್ರಜ್ಞೆ ಬಂದರೆ ಎದ್ದು ಮತ್ತೆ ನಿಲ್ಲುತ್ತಿದ್ದನು. ಅವರಲ್ಲಿ ಮಹಾಯುದ್ಧದಿಂದ ಮರಳಿದ, ಮೈಕಟ್ಟಿನ, ಆ ಲಾಠಿಯನ್ನು ಕಿತ್ತುಕೊಳ್ಳುವುದು ಕ್ಷಣದ ಕೆಲಸವಾಗಿದ್ದ ಸಿಪಾಯಿಗಳು ಅನೇಕರಿದ್ದರು. ಕ್ರೈಸ್ತ ಪಾದ್ರಿ ದೀನಬಂಧು ಆಂಡ್ರೂಸರು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು, ಕ್ರಿಸ್ತನ ಯಾತನೆಯನ್ನು ನೆನೆದು ಬರೆದರು. ಐದು ಸಾವಿರಕ್ಕೂ ಮಿಕ್ಕಿ ಜನ ಸೆರೆಮನೆ ಸೇರಿದ ಮೇಲೆ, ನವೆಂಬರಿನಲ್ಲಿ ಸರ್ ಗಂಗಾರಾಮರು ಆ ಭೂಮಿಯನ್ನು ಗುತ್ತಿಗೆಗೆ ಪಡೆದು ಅಕಾಲಿಗಳಿಗೆ ಸೌದೆಯ ಹಕ್ಕನ್ನು ಬಿಟ್ಟುಕೊಟ್ಟದ್ದರಿಂದ ಸರಕಾರದ ಮುಖ ಉಳಿಯಿತು. ಇಷ್ಟೂ ಸಂಕಟ ಕೊಪ್ಪರಿಗೆಯ ಕೆಳಗಣ ಸೌದೆಗಾಗಿ! ಕೋಲಿನೇಟನ್ನು ತಪ್ಪಿಸಿಕೊಳ್ಳುವುದನ್ನೇ ಶತಮಾನಗಳಿಂದ ಕಲಿತುಬಂದ ಜನಕ್ಕೆ, ತಪ್ಪಿಸಿಕೊಳ್ಳದೆ ನಿಲ್ಲುವುದಕ್ಕೆ ಎಂಥ ಸಂಯಮ ಬೇಕಾಯಿತೆಂಬುದನ್ನು ಆಖಾಡದಲ್ಲಿ ಒಂದು ತಿಂಗಳು ಕಳೆದವನು ಬಲ್ಲನು. 1925ರಲ್ಲಿ ಗುರುದ್ವಾರಗಳ ಶಾಸನವು ಜಾರಿಗೆ ಬಂದಿತು.

ಸ್ವತಂತ್ರ ಭಾರತದ ಸಂವಿಧಾನವು ತನ್ನ ಇಪ್ಪತ್ತೈದನೆಯ ಅನುಚ್ಛೇದದ ವಿವರಣೆಯಲ್ಲಿ, ಕೃಪಾಣವನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಅಂಗವೆಂದು ಸ್ಪಷ್ಟವಾಗಿ ಅಂಗೀಕರಿಸಿದೆ. ಆದರೆ ಕಾಗದದ ಮೇಲಣ ರಕ್ಷಣೆ ಬೀದಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. 1984ರ ಜೂನಿನಲ್ಲಿ ಹರಮಂದಿರದ ಆವರಣದಲ್ಲಿ ಬೀಡುಬಿಟ್ಟಿದ್ದ ಸಶಸ್ತ್ರ ಉಗ್ರಗಾಮಿಗಳನ್ನು ಹೊರಡಿಸಲು ಸೇನೆ ನುಗ್ಗಿ ಅಕಾಲ್ ತಖ್ತ್ ಭಗ್ನವಾಯಿತು. ಆ ವರ್ಷದ ನವೆಂಬರಿನ ಮೊದಲ ದಿನಗಳಲ್ಲಿ, ಪ್ರಧಾನಿಯ ಹತ್ಯೆಯ ತರುವಾಯ, ದೆಹಲಿಯ ಬೀದಿಗಳಲ್ಲಿ ನಿರಪರಾಧಿಗಳಾದ ಸಿಖ್ಖರು ಸಾವಿರಗಟ್ಟಲೆ ಕೊಲೆಯಾದರು. ಯಾವ ಕೇಶವನ್ನು ಉಳಿಸಿಕೊಳ್ಳಲು ಪೂರ್ವಿಕರು ಶಿರಸ್ಸನ್ನೇ ಕೊಟ್ಟಿದ್ದರೋ, ಆ ಕೇಶವನ್ನು ಶಿರಸ್ಸು ಉಳಿಸಿಕೊಳ್ಳಲು ಕತ್ತರಿಸಿಕೊಂಡವರು ಎಷ್ಟೋ ಮಂದಿ. ಪಂಚಪ್ಯಾರೆಗಳಲ್ಲೊಬ್ಬನನ್ನು ಕೊಟ್ಟ ಬೀದರಿನಲ್ಲಿಯೂ 1988ರ ಸೆಪ್ಟೆಂಬರಿನ ಗಲಭೆಯಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಹತರಾದರು; ಇದನ್ನು ನಾವು ಕನ್ನಡಿಗರು ಹೇಳದೆ ಬಿಟ್ಟು ಸಾಹಿಬ್ ಸಿಂಹನ ಹೆಸರನ್ನು ಮಾತ್ರ ಹೆಮ್ಮೆಯಿಂದ ಹೇಳಿಕೊಳ್ಳಲಾಗದು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ದುರಂತವಾದ ನಾಲ್ಕೇ ದಿನಗಳಲ್ಲಿ ಅಮೆರಿಕದ ಅರಿಜೋನಾದಲ್ಲಿ ಪೆಟ್ರೋಲ್ ಬಂಕಿನ ಸಿಖ್ ಮಾಲೀಕನೊಬ್ಬನು ರುಮಾಲಿನ ಕಾರಣದಿಂದಲೇ ಗುಂಡಿಗೆ ಬಲಿಯಾದನು. 2012ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಓಕ್ ಕ್ರೀಕ್ ಗುರುದ್ವಾರದಲ್ಲಿ ಇನ್ನೊಬ್ಬ ಹಂತಕನು ಪ್ರಾರ್ಥನೆಗೆ ಬಂದವರ ಮೇಲೆ ಗುಂಡು ಹಾರಿಸಿದನು.

ಕೃಪಾಣದ ವಿಷಯದಲ್ಲಿ ನಡೆದ ವ್ಯವಹಾರಗಳಲ್ಲಿ ಕೆನಡಾದ ಮೊಕದ್ದಮೆಯೊಂದು ಗಮನಾರ್ಹವಾದುದು. 2001ರಲ್ಲಿ ಮಾಂಟ್ರಿಯಲ್ ನಗರದ ಶಾಲೆಯೊಂದರ ಆಟದ ಬಯಲಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಉಡುಪಿನಿಂದ ಕೃಪಾಣವು ಕೆಳಕ್ಕೆ ಬಿತ್ತು. ಶಾಲೆಯ ಆಡಳಿತದವರು ನಿಷೇಧಿಸಿದರು. ವ್ಯಾಜ್ಯವು ಕೆನಡಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2006ರಲ್ಲಿ ಬಂದ ತೀರ್ಪು, ಸಂಪೂರ್ಣ ನಿಷೇಧವು ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧವೆಂದೂ, ಮರದ ಒರೆಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿ ಹೊಲಿದು, ಉಡುಪಿನ ಒಳಗೆ ಧರಿಸಿದ ಪಕ್ಷದಲ್ಲಿ ಆಕ್ಷೇಪಣೆಯಿಲ್ಲವೆಂದೂ ಹೇಳಿತು. ಶಾಲೆಯಲ್ಲಿ ಕತ್ತರಿಯೂ ಬೇಸ್‌ಬಾಲಿನ ದಾಂಡೂ ಹುಡುಗರ ಕೈಗೆ ಸುಲಭವಾಗಿ ಸಿಕ್ಕುವುವಷ್ಟೆ. ಕೃಪಾಣದಿಂದ ಕೆನಡಾದ ಶಾಲೆಗಳಲ್ಲಿ ಹಿಂಸೆ ನಡೆದ ಒಂದು ನಿದರ್ಶನವೂ ನ್ಯಾಯಾಧೀಶರ ಮುಂದೆ ಬರಲಿಲ್ಲ. ಹೊಲಿದು ಬಂಧಿಸಿದ ಕತ್ತಿಯು ಕತ್ತಿಯೆ ಎಂದು ನಗುವವರಿದ್ದಾರೆ. ಎಳೆಯಲಾಗದ ಖಡ್ಗವನ್ನು ಹೊತ್ತು ಪಾಠ ಕೇಳುವ ಹುಡುಗನಲ್ಲಿ, ಗುರು ಕಾ ಬಾಗಿನ ಜತ್ಥಾದವನ ವಂಶದ ಕುರುಹು ನನಗಂತೂ ಕಾಣುತ್ತದೆ.

ಎಲ್ಲರೂ ಈ ಸಂಯಮಕ್ಕೆ ಸಲ್ಲುವವರೆಂದು ಹೇಳಿದರೆ ಸುಳ್ಳಾದೀತು. 2020ರ ಏಪ್ರಿಲಿನಲ್ಲಿ, ಸಾಂಕ್ರಾಮಿಕದ ದಿಗ್ಬಂಧನದ ಕಾಲದಲ್ಲಿ, ಪಟಿಯಾಲದ ತರಕಾರಿ ಮಂಡಿಯ ಬಳಿ ವಾಹನವನ್ನು ತಡೆದ ಪೊಲೀಸ್ ಅಧಿಕಾರಿಯೊಬ್ಬನ ಕೈಯನ್ನು ನಿಹಂಗ ವೇಷದವರು ಕಡಿದುಹಾಕಿದರು. ಚಂಡೀಗಢದ ವೈದ್ಯರು ದೀರ್ಘ ಶಸ್ತ್ರಚಿಕಿತ್ಸೆಯಿಂದ ಅದನ್ನು ಮತ್ತೆ ಜೋಡಿಸಿದರು. ನೀಲಿಯ ನಿಲುವಂಗಿ ಯಾರನ್ನೂ ಕನ್ಹಯ್ಯನನ್ನಾಗಿ ಮಾಡುವುದಿಲ್ಲ.

ಇನ್ನು ಕ್ರೀಡೆಯ ಮಾತು. 2022ರ ಜೂನಿನಲ್ಲಿ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕೇರಳದ ಕಳರಿಪಯಟ್ಟು, ಮಣಿಪುರದ ಥಾಂಗ್ ತಾ, ಮಲ್ಲಕಂಬಗಳ ಜೊತೆಗೆ ಗತ್ಕಾಕ್ಕೂ ಸ್ಥಾನ ದೊರೆಯಿತು. 2023ರಲ್ಲಿ ಗೋವೆಯ ರಾಷ್ಟ್ರೀಯ ಕ್ರೀಡಾಕೂಟವನ್ನೂ ಅದು ಪ್ರವೇಶಿಸಿತು. ಸ್ಪರ್ಧೆಯಲ್ಲಿ ಉಕ್ಕಿಗೆ ಅವಕಾಶವಿಲ್ಲ. ಸೋಟಿ ಎದುರಾಳಿಯ ಮೈಯನ್ನು ಮುಟ್ಟಿದರೆ ಅಂಕ. ಇದರ ಫಲವಾಗಿ ಬೀಸು, ಸುತ್ತು, ಸೊಗಸುಗಳೆಲ್ಲ ಕಣದಿಂದ ಮರೆಯಾಗಿ, ಚುಟುಕಾದ ಚುರುಕಾದ ಹೊಡೆತಗಳೇ ಉಳಿದಿವೆಯೆಂದು ಹಳಬರು ಕೊರಗುತ್ತಾರೆ. ನಾನು ಅಷ್ಟಾಗಿ ಕೊರಗಲಾರೆ. ನಗರಕೀರ್ತನಗಳ ಮೆರವಣಿಗೆಯಲ್ಲಿ ಎದೆಯ ಮೇಲೆ ಮೋಟಾರು ಬೈಕು ಹಾಯಿಸಿಕೊಳ್ಳುವುದು, ತಲೆಯ ಮೇಲೆ ಟ್ಯೂಬ್‌ಲೈಟು ಒಡೆದುಕೊಳ್ಳುವುದು, ಇಂಥವನ್ನು ಗತ್ಕಾ ಎಂಬ ಹೆಸರಿನಿಂದ ತೋರಿಸುತ್ತಾರಲ್ಲ, ಪರಂಪರೆಗೆ ಅಪಚಾರವೆಸಗುವುದು ಅದು. ಅಲ್ಲಿ ಪೈಂತರಾವೂ ಇಲ್ಲ, ಸಂಯಮವೂ ಇಲ್ಲ. ಅಂಕಪಟ್ಟಿಯುಳ್ಳ ಸ್ಪರ್ಧೆಯಲ್ಲಿ ಕಾಲಿನ ಶಿಸ್ತಾದರೂ ಉಳಿಯುತ್ತದೆ. ಪರೀಕ್ಷೆ, ಉದ್ಯೋಗ, ವಿದೇಶದ ವೀಸಾಗಳ ಚಿಂತೆಯಲ್ಲಿರುವ ತಂದೆತಾಯಿಗಳು, ಪ್ರಮಾಣಪತ್ರವೊಂದು ದೊರೆಯುವುದಾದರೆ ಮಕ್ಕಳನ್ನು ಸಂಜೆಯ ಹೊತ್ತು ಆಖಾಡಕ್ಕೆ ಕಳುಹಿಸಿಯಾರು; ಮಕ್ಕಳು ಬಾರದ ಆಖಾಡದಲ್ಲಿ ಪರಂಪರೆಯ ಶುದ್ಧಿಯನ್ನು ಕುರಿತು ವಾದಿಸುವುದಕ್ಕೆ ಉಸ್ತಾದರೊಬ್ಬರೇ ಉಳಿಯಬೇಕಾದೀತು.

ಕ್ರೀಡೆಯಾದ ಮೇಲೆ ಇನ್ನೊಂದು ತೊಡಕು ತಾನಾಗಿ ಹುಟ್ಟಿದೆ. ಕೇಶವಿಲ್ಲದ, ಅಮೃತವನ್ನು ಸ್ವೀಕರಿಸದ, ಬೇರೆ ರಾಜ್ಯದ ಬೇರೆ ಮತದ ಹುಡುಗ ಹುಡುಗಿಯರೂ ಸೋಟಿ ಹಿಡಿದು ಕಣಕ್ಕೆ ಇಳಿಯುತ್ತಿದ್ದಾರೆ. ಅವರು ಶಸ್ತ್ರಕ್ಕೆ ತಲೆಬಾಗಬೇಕೆ? ಗುರುಗಳ ಹೆಸರನ್ನೆತ್ತದೆ ಈ ವಿದ್ಯೆಯನ್ನು ಹೇಳಿಕೊಡಬಹುದೆ? ಗುರುವಿನಿಂದ ಬಂದುದನ್ನು ಗುರುವನ್ನು ಮರೆತು ಕಲಿಸುವುದು ಕೃತಘ್ನತೆಯೆಂಬುದು ಒಂದು ಪಕ್ಷ. ಕಡ್ಡಾಯದ ನಮಸ್ಕಾರಕ್ಕೆ ಬೆಲೆಯಿಲ್ಲವೆಂಬುದು ಇನ್ನೊಂದು. ನಮ್ಮ ಗರಡಿಗಳಲ್ಲಿ ಹಿಂದುವಾಗಲಿ ಮುಸಲ್ಮಾನನಾಗಲಿ ಮಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಆಖಾಡಕ್ಕೆ ಇಳಿಯುವುದಿಲ್ಲ. ಹಾಗೆ ಮಾಡೆಂದು ಯಾರೂ ನಿಯಮಾವಳಿಯಲ್ಲಿ ಬರೆದಿಲ್ಲ, ಮೊದಲ ದಿನ ಮುಂದಿನವನು ಮಾಡಿದ್ದನ್ನು ನೋಡಿ ಹಿಂದಿನವನು ಮಾಡುತ್ತಾನೆ. ಗತ್ಕಾದ ಅಧಿಕಾರಿಗಳು ಈ ಪ್ರಶ್ನೆಯನ್ನು ನಿಯಮಪುಸ್ತಕಕ್ಕೆ ಸೇರಿಸದೆ ಆಖಾಡದ ಉಸ್ತಾದರಿಗೆ ಬಿಟ್ಟುಕೊಡುವುದು ಲೇಸು.